ಕೈಗೆಟುಕುವ ಬೇಸ್ ಗಿಟಾರ್: ಶಾರ್ಟ್ ಸ್ಕೇಲ್ ಕೊಳ್ಳುವವರಿಗೊಂದು ಕೈಪಿಡಿ

ಅರಸೀಕೆರೆ: ಗಣೇಶೋತ್ಸವವಿರಲಿ, ಕನ್ನಡ ರಾಜ್ಯೋತ್ಸವವಿರಲಿ, ಊರ ಜಾತ್ರೆಯಿರಲಿ, ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ವೇದಿಕೆಗಳಲ್ಲಿ ರಸಮಂಜರಿ ಕಾರ್ಯಕ್ರಮಕ್ಕೆ ಇಂದಿಗೂ ವಿಶೇಷ ಸ್ಥಾನವಿದೆ. ಗಾಯಕರು, ಕೀಬೋರ್ಡ್, ರಿದಂ ಪ್ಯಾಡ್, ತಬಲ, ಒಮ್ಮೊಮ್ಮೆ ಲೀಡ್ ಗಿಟಾರ್ ಕೂಡಿದರೆ ತಂಡ ಸಿದ್ಧವಾಗುತ್ತದೆ. ಆದರೆ ಇವೆಲ್ಲಕ್ಕೂ ತಳಪಾಯವಾಗಿ ನಿಲ್ಲಬೇಕಾದ ಮಂದ್ರ ಸ್ಥಾಯಿಯ ನಾದವನ್ನು ಅನೇಕ ಸಣ್ಣ ತಂಡಗಳಲ್ಲಿ ಕೀಬೋರ್ಡ್ ವಾದಕರ ಎಡಗೈಯೇ ನಿಭಾಯಿಸುತ್ತದೆ. ಬೇಸ್ ಗಿಟಾರ್ ಹಿಡಿದ ಕಲಾವಿದರು ಅಲ್ಲಿ ಕಾಣಸಿಗುವುದು ಕಡಿಮೆ.

ಕಲಿಯುವ ಹಂಬಲವುಳ್ಳವರು ಇಲ್ಲವೆಂದಲ್ಲ. ವಾದ್ಯದ ಬೆಲೆ ಒಂದು ತೊಡಕಾದರೆ ಅದರ ಗಾತ್ರ ಇನ್ನೊಂದು ತೊಡಕು. ಸಾಮಾನ್ಯ ಬೇಸ್ ಗಿಟಾರ್ ಉದ್ದವಾದದ್ದು, ತೂಕವಾದದ್ದು, ದಪ್ಪ ತಂತಿಗಳುಳ್ಳದ್ದು. ಹೈಸ್ಕೂಲು ವಿದ್ಯಾರ್ಥಿಗಳಿಗೆ, ಚಿಕ್ಕ ಅಂಗೈಯವರಿಗೆ, ನಡುವಯಸ್ಸಿನಲ್ಲಿ ಕಲಿಯಲು ಹೊರಟವರಿಗೆ ಮೊದಲ ತಿಂಗಳಲ್ಲೇ ಕೈ, ಭುಜ ನೋಯತೊಡಗುತ್ತವೆ. ಮೊದಲ ವಾದ್ಯ ಕೈಗೆ ಒಗ್ಗದಿದ್ದರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಮನೆಯವರು ಕೂಡಿಟ್ಟು ಕೊಟ್ಟ ಹಣ ಗೋಡೆಯ ಮೊಳೆಗೆ ನೇತುಬೀಳುತ್ತದೆ.

ಇಂಥವರ ನೆರವಿಗೆ ಬರುವುದು ‘ಶಾರ್ಟ್ ಸ್ಕೇಲ್’ ಬೇಸ್ ಗಿಟಾರ್. ಅಗ್ಗದ ವಾದ್ಯ ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಬೆಲೆ, ಆಮೇಲೆ ಬ್ರಾಂಡ್, ಬಣ್ಣ. ಅಳತೆಯನ್ನು ಕೇಳುವವರು ವಿರಳ. ಈ ಕ್ರಮವನ್ನು ತಿರುಗುಮುರುಗು ಮಾಡಿ, ಮೊದಲು ಅಳತೆ, ನಂತರ ನೆಕ್‌ನ ಸ್ಥಿತಿ, ಕೊನೆಗೆ ಹೆಸರು ಎಂದುಕೊಂಡರೆ ಕಡಿಮೆ ಹಣದಲ್ಲೂ ವರ್ಷಗಟ್ಟಲೆ ಬಾಳುವ ವಾದ್ಯವನ್ನು ಕೊಳ್ಳಬಹುದು.

ಸ್ಕೇಲ್ ಎಂದರೇನು?

ಗಿಟಾರ್‌ನ ತಲೆಯ ಬಳಿ ತಂತಿಗಳು ಹಾದುಬರುವ ಸಣ್ಣ ಪಟ್ಟಿಗೆ ‘ನಟ್’ ಎನ್ನುತ್ತಾರೆ. ಕೆಳಗೆ ತಂತಿಗಳು ಕೂರುವ ಭಾಗ ‘ಬ್ರಿಡ್ಜ್’. ವೀಣೆಯ ಭಾಷೆಯಲ್ಲಿ ಹೇಳುವುದಾದರೆ ಕುದುರೆ. ಇವೆರಡರ ನಡುವೆ ಮಿಡಿಯುವ ತಂತಿಯ ಉದ್ದವೇ ‘ಸ್ಕೇಲ್’. ಇಲ್ಲಿ ಸ್ಕೇಲ್ ಎಂಬ ಪದಕ್ಕೂ ಗಾಯಕರು ಹೇಳುವ ಶ್ರುತಿಯ ‘ಸ್ಕೇಲ್’ಗೂ ಸಂಬಂಧವಿಲ್ಲ ಎಂಬುದನ್ನು ಗಮನಿಸಬೇಕು.

ಬೇಸ್ ಗಿಟಾರ್‌ಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು 34 ಇಂಚಿನ, ಅಂದರೆ ಸುಮಾರು 864 ಮಿ.ಮೀ. ಉದ್ದದ ಲಾಂಗ್ ಸ್ಕೇಲ್. 32 ಇಂಚಿನದನ್ನು ಮೀಡಿಯಂ ಸ್ಕೇಲ್ ಎಂದೂ, 30 ಇಂಚು ಅಥವಾ ಅದರ ಆಸುಪಾಸಿನದನ್ನು ಶಾರ್ಟ್ ಸ್ಕೇಲ್ ಎಂದೂ ಕರೆಯುವುದು ವಾಡಿಕೆ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನ ಸ್ಕೇಲ್ ಸುಮಾರು 25.5 ಇಂಚು. ಹೀಗಾಗಿ ಗಿಟಾರ್ ಬಲ್ಲವರು ಬೇಸ್‌ಗೆ ಬರುವಾಗ 34 ಇಂಚಿಗೆ ಹಾರುವುದಕ್ಕಿಂತ 30 ಇಂಚಿಗೆ ದಾಟುವುದು ಸುಲಭ.

ಉದ್ದ ಕಡಿಮೆಯಾದ ಮಾತ್ರಕ್ಕೆ ಶ್ರುತಿ ಬದಲಾಗುವುದಿಲ್ಲ. ನಾಲ್ಕು ತಂತಿಗಳ ಶಾರ್ಟ್ ಸ್ಕೇಲ್ ಬೇಸ್‌ನಲ್ಲೂ ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಇ, ಎ, ಡಿ, ಜಿ ಸ್ವರಗಳೇ ಇರುತ್ತವೆ. ಅವುಗಳ ಕಂಪನಾಂಕ ಕ್ರಮವಾಗಿ ಸುಮಾರು 41, 55, 73 ಹಾಗೂ 98 ಹರ್ಟ್ಸ್. ಆದ್ದರಿಂದ ಪುಸ್ತಕ ನೋಡಿ ಕಲಿತ ಪಾಠವಾಗಲಿ, ವಿಡಿಯೊ ನೋಡಿ ಕಲಿತ ಬೆರಳಿನ ಸ್ಥಾನವಾಗಲಿ ಎರಡೂ ಬಗೆಯ ವಾದ್ಯಕ್ಕೆ ಒಂದೇ ರೀತಿ ಅನ್ವಯಿಸುತ್ತದೆ. ಮುಂದೆ ಉದ್ದನೆಯ ವಾದ್ಯಕ್ಕೆ ಬದಲಾದರೂ ಕಲಿತದ್ದು ವ್ಯರ್ಥವಾಗದು.

ನಾಲ್ಕು ಇಂಚಿನಿಂದ ಆಗುವ ವ್ಯತ್ಯಾಸ

ಕೇವಲ ನಾಲ್ಕು ಇಂಚಿನಿಂದ ಏನಾದೀತು ಎಂಬ ಪ್ರಶ್ನೆ ಸಹಜ. ಉತ್ತರ ಲೆಕ್ಕದಲ್ಲಿದೆ. ನೆಕ್‌ನ ಮೇಲಿನ ಲೋಹದ ಅಡ್ಡಗೆರೆಗಳಿಗೆ ಫ್ರೆಟ್ ಎನ್ನುತ್ತಾರೆ. ಇವು ವೀಣೆಯ ಮೆಟ್ಟಿಲುಗಳಿದ್ದಂತೆ. ನಟ್‌ನಿಂದ ಮೊದಲ ಫ್ರೆಟ್‌ಗೆ ಇರುವ ಅಂತರ 34 ಇಂಚಿನ ವಾದ್ಯದಲ್ಲಿ ಸುಮಾರು 48 ಮಿ.ಮೀ., 30 ಇಂಚಿನದರಲ್ಲಿ ಸುಮಾರು 43 ಮಿ.ಮೀ. ತೋರುಬೆರಳನ್ನು ಮೊದಲ ಫ್ರೆಟ್‌ನಲ್ಲಿಟ್ಟು ಕಿರುಬೆರಳನ್ನು ನಾಲ್ಕನೆಯ ಫ್ರೆಟ್‌ಗೆ ಚಾಚಬೇಕಾದರೆ ಉದ್ದನೆಯ ವಾದ್ಯದಲ್ಲಿ ಬೆರಳುಗಳು ಸುಮಾರು 130 ಮಿ.ಮೀ. ಹರಡಬೇಕು. ಶಾರ್ಟ್ ಸ್ಕೇಲ್‌ನಲ್ಲಿ 114 ಮಿ.ಮೀ. ಸಾಕು. ಈ ಒಂದೂವರೆ ಸೆಂಟಿಮೀಟರ್ ಅಂತರವೇ ಚಿಕ್ಕ ಕೈಯವರಿಗೆ ನುಡಿಸಬಲ್ಲೆ ಮತ್ತು ನುಡಿಸಲಾರೆ ಎಂಬುದರ ನಡುವಿನ ಗೆರೆ.

ಎರಡನೆಯದು ತಂತಿಯ ಬಿಗಿತ. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ಏರಿಸಿದಾಗ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಭೌತಶಾಸ್ತ್ರದ ನಿಯಮ. ಅದರಂತೆ 30 ಇಂಚಿನ ವಾದ್ಯದಲ್ಲಿ ತಂತಿಯ ಬಿಗಿತ 34 ಇಂಚಿನದಕ್ಕಿಂತ ಸುಮಾರು ಶೇ 22ರಷ್ಟು ಕಡಿಮೆ. ಬೆರಳ ತುದಿಗೆ ನೋವು ಕಡಿಮೆ, ಒತ್ತಲು ಬೇಕಾದ ಶಕ್ತಿ ಕಡಿಮೆ. ಕೈಯನ್ನು ತೀರಾ ದೂರಕ್ಕೆ ಚಾಚಬೇಕಾಗಿಲ್ಲವಾದ್ದರಿಂದ ಎಡ ಭುಜಕ್ಕೂ ವಿಶ್ರಾಂತಿ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬಿಗಿತ ಕಡಿಮೆಯಾದಾಗ ನಾದ ಹೆಚ್ಚು ದುಂಡಾಗುತ್ತದೆ, ಮೆದುವಾಗುತ್ತದೆ. ಉದ್ದನೆಯ ವಾದ್ಯದ ಲೋಹದಂತಹ ಸ್ಪಷ್ಟ ಮೊನಚು ತಗ್ಗುತ್ತದೆ. ದಪ್ಪ ಇ ತಂತಿ ಸಡಿಲವೆನಿಸಬಹುದು. ಜೋರಾಗಿ ಮೀಟಿದರೆ ಫ್ರೆಟ್‌ಗೆ ಬಡಿದು ಗರಗರ ಸದ್ದು ಬರಬಹುದು. ಹಳೆಯ ಚಿತ್ರಗೀತೆ, ಭಾವಗೀತೆ, ಭಕ್ತಿಗೀತೆಗಳಿಗೆ ಈ ದುಂಡನೆಯ ನಾದ ಚೆನ್ನಾಗಿ ಒಪ್ಪುತ್ತದೆ. ಹೆಬ್ಬೆರಳಿನಿಂದ ಬಡಿದು ನುಡಿಸುವ ‘ಸ್ಲ್ಯಾಪ್’ ಶೈಲಿಗೆ ಹಾಗೂ ಅಬ್ಬರದ ರಾಕ್ ಸಂಗೀತಕ್ಕೆ ಉದ್ದನೆಯ ವಾದ್ಯವನ್ನೇ ಬಯಸುವವರು ಹೆಚ್ಚು.

ಮಕ್ಕಳ ಆಟಿಕೆಯಲ್ಲ

ಪಿಟೀಲು ಕಲಿಯುವ ಮಕ್ಕಳಿಗೆ ಅರ್ಧ ಅಳತೆಯ, ಮುಕ್ಕಾಲು ಅಳತೆಯ ವಾದ್ಯ ಕೊಡುವ ಪದ್ಧತಿ ಎಲ್ಲರಿಗೂ ಗೊತ್ತಿದೆ. ಶಾರ್ಟ್ ಸ್ಕೇಲ್ ಬೇಸ್ ಕೂಡ ಅಂಥದ್ದೇ, ಬೆಳೆದ ಮೇಲೆ ಬಿಡಬೇಕಾದದ್ದು ಎಂಬ ಭಾವನೆ ಅಂಗಡಿಗಳಲ್ಲೂ ಇದೆ. ಇದು ಸರಿಯಲ್ಲ.

ವಿದ್ಯುತ್ ಬೇಸ್ ಗಿಟಾರ್‌ನ ಇತಿಹಾಸ ಆರಂಭವಾಗುವುದೇ ಚಿಕ್ಕ ಅಳತೆಯಿಂದ. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ತಯಾರಿಸಿದ ‘ಆಡಿಯೊವಾಕ್ಸ್ 736’ ವಾದ್ಯದ ಸ್ಕೇಲ್ ಸುಮಾರು 30 ಇಂಚು. 34 ಇಂಚಿನ ಅಳತೆಯನ್ನು ಜನಪ್ರಿಯಗೊಳಿಸಿದ್ದು 1951ರಲ್ಲಿ ಬಂದ ಫೆಂಡರ್ ಕಂಪನಿಯ ‘ಪ್ರಿಸಿಷನ್ ಬೇಸ್’. 1953ರಲ್ಲಿ ಗಿಬ್ಸನ್ ಕಂಪನಿ 30.5 ಇಂಚಿನ, ಪಿಟೀಲಿನ ಆಕಾರದ ಬೇಸ್ ತಂದಿತು. ಫೆಂಡರ್ ಕಂಪನಿಯೇ 1966ರಲ್ಲಿ 30 ಇಂಚಿನ ‘ಮಸ್ಟಾಂಗ್ ಬೇಸ್’ ಬಿಡುಗಡೆ ಮಾಡಿತು.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೊಂಡದ್ದು ಹಾಫ್ನರ್ ಕಂಪನಿಯ ಪಿಟೀಲಿನಾಕಾರದ ಶಾರ್ಟ್ ಸ್ಕೇಲ್ ಬೇಸ್. ಆಗ ಅದು ಅವರ ಕೈಗೆಟುಕುವ ಬೆಲೆಯ ವಾದ್ಯವಾಗಿತ್ತು. 1972ರಲ್ಲಿ ಕಳವಾಗಿದ್ದ ಆ ವಾದ್ಯ ಅರ್ಧ ಶತಮಾನದ ನಂತರ ಪತ್ತೆಯಾಗಿ ಅವರಿಗೆ ಮರಳಿದ ಸಂಗತಿ 2024ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಕ್ರೀಮ್ ತಂಡದ ಜಾಕ್ ಬ್ರೂಸ್ ನುಡಿಸುತ್ತಿದ್ದ ಗಿಬ್ಸನ್ ‘ಇಬಿ-3’ ಕೂಡ ಶಾರ್ಟ್ ಸ್ಕೇಲ್ ಆಗಿತ್ತು. ಆದ್ದರಿಂದ ಚಿಕ್ಕ ವಾದ್ಯ ನುಡಿಸುವವರು ಕೀಳರಿಮೆ ಪಡಬೇಕಾದ ಕಾರಣವಿಲ್ಲ.

ವಾದ್ಯವು ವಾದಕರ ದೇಹಕ್ಕೆ ಹೊಂದಬೇಕೆಂಬ ತಿಳಿವಳಿಕೆ ಈ ನೆಲಕ್ಕೂ ಹೊಸದಲ್ಲ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡಿನ ಹೊಯ್ಸಳ ದೇಗುಲಗಳ ಶಿಲ್ಪಗಳಲ್ಲಿ ಮದ್ದಳೆ, ಕೊಳಲು, ತಾಳ ಹಿಡಿದ ವಾದ್ಯಗಾರರನ್ನು ಕಾಣಬಹುದು. ವಾದ್ಯಕ್ಕಾಗಿ ಮೈ ಮುರಿದುಕೊಂಡವರಂತೆ ಅವರು ತೋರುವುದಿಲ್ಲ.

ಬೇಸ್ ನುಡಿಸಿ ಹೆಸರಾದವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಬೆಂಗಳೂರಿನ ‘ಸ್ವರಾತ್ಮ’ ತಂಡದಲ್ಲಿ ಜಿಷ್ಣು ದಾಸ್‌ಗುಪ್ತಾ, ‘ರಘು ದೀಕ್ಷಿತ್ ಪ್ರಾಜೆಕ್ಟ್’ನಲ್ಲಿ ಗೌರವ್ ವಾಜ್, ‘ಲಗೋರಿ’ ತಂಡದಲ್ಲಿ ಶಾಲಿನಿ ಮೋಹನ್ ಬೇಸ್ ನುಡಿಸಿ ಗಮನ ಸೆಳೆದವರು. ಕನ್ನಡ ಹಾಡಿಗೆ ಬೇಸ್ ಗಿಟಾರ್ ಏನು ಮಾಡಬಲ್ಲದು ಎಂಬುದನ್ನು ಅರಿಯಬಯಸುವವರು ಇಂತಹ ತಂಡಗಳ ಸಂಗೀತವನ್ನು ಒಳ್ಳೆಯ ಹೆಡ್‌ಫೋನ್‌ನಲ್ಲಿ ಕೇಳಿದರೆ ಸಾಕು.

ಯಾರಿಗೆ ಸೂಕ್ತ, ಯಾರಿಗೆ ಅಲ್ಲ?

ಹತ್ತರಿಂದ ಹದಿನೈದು ವಯಸ್ಸಿನ ಮಕ್ಕಳು, ಅಂಗೈ ಚಿಕ್ಕದಿರುವವರು, ಭುಜ ಅಥವಾ ಮಣಿಕಟ್ಟಿನ ನೋವುಳ್ಳವರು, ಈಗಾಗಲೇ ಗಿಟಾರ್ ನುಡಿಸುತ್ತಿದ್ದು ಬೇಸ್ ಕೂಡ ಕಲಿಯಬಯಸುವವರು, ಹಾಡುತ್ತಲೇ ಬೇಸ್ ನುಡಿಸಬೇಕಾದವರು ಶಾರ್ಟ್ ಸ್ಕೇಲ್ ಆರಿಸಿಕೊಳ್ಳಬಹುದು. ಬಸ್ಸಿನಲ್ಲಿ ವಾದ್ಯ ಹೊತ್ತು ಊರೂರು ಸುತ್ತುವವರಿಗೂ ಕಡಿಮೆ ಉದ್ದ ಅನುಕೂಲಕರ.

ಐದು ತಂತಿಗಳ ಬೇಸ್ ನುಡಿಸುವ ಗುರಿಯುಳ್ಳವರು ಮಾತ್ರ ಬೇರೆ ಯೋಚಿಸಬೇಕು. ಐದನೆಯದಾದ ತೀರಾ ತಗ್ಗಿನ ಬಿ ತಂತಿಗೆ ಉದ್ದ ಹೆಚ್ಚಿದ್ದಷ್ಟೂ ಒಳ್ಳೆಯದು. 30 ಇಂಚಿನಲ್ಲಿ ಅದು ಜೋತುಬಿದ್ದಂತಾಗುತ್ತದೆ. ಎತ್ತರದ ಮೈಕಟ್ಟು, ದೊಡ್ಡ ಕೈ ಇರುವವರು 34 ಇಂಚಿನದನ್ನೇ ಕೊಂಡರೆ ಆಯ್ಕೆಯೂ ಹೆಚ್ಚು, ಮಾರುವಾಗ ಗಿರಾಕಿಯೂ ಬೇಗ ಸಿಗುತ್ತಾರೆ. ಶಾರ್ಟ್ ಸ್ಕೇಲ್‌ಗೆ ಮರುಮಾರಾಟದ ಮಾರುಕಟ್ಟೆ ಸಣ್ಣದು.

ಇನ್ನೂ ಅನುಮಾನವಿದ್ದರೆ ಪರಿಚಯದವರ ಯಾವುದಾದರೂ 34 ಇಂಚಿನ ಬೇಸ್ ಹಿಡಿದು ಒಂದು ಪ್ರಯೋಗ ಮಾಡಬಹುದು. ಮೊದಲ ನಾಲ್ಕು ಫ್ರೆಟ್‌ಗಳಲ್ಲಿ ನಾಲ್ಕು ಬೆರಳುಗಳನ್ನು ಇರಿಸಿ ಐದು ನಿಮಿಷ ನುಡಿಸುವುದು. ಬಳಿಕ ಮೂರನೆಯ ಫ್ರೆಟ್‌ನಿಂದ ಆರಂಭಿಸಿ ಅದನ್ನೇ ಮಾಡುವುದು. ಮೊದಲ ಸ್ಥಾನದಲ್ಲಿ ಮಣಿಕಟ್ಟು ಸೆಳೆದು, ಮೇಲಿನ ಸ್ಥಾನದಲ್ಲಿ ನಿರಾಳವೆನಿಸಿದರೆ ಶಾರ್ಟ್ ಸ್ಕೇಲ್ ಸರಿಯಾದ ಆಯ್ಕೆ ಎಂದು ತಿಳಿಯಬಹುದು.

ಮಾರುಕಟ್ಟೆಯಲ್ಲಿ ಏನಿದೆ?

ಆರಂಭಿಕ ದರ್ಜೆಯಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು ಕೆಲವು. ಐಬನೆಜ್ ಕಂಪನಿಯ ‘ಮೈಕ್ರೊ’ ಸರಣಿಯ ಜಿ.ಎಸ್.ಆರ್.ಎಂ.20 ಮಾದರಿಯ ಸ್ಕೇಲ್ 28.6 ಇಂಚು. ಇದು ಪಟ್ಟಿಯಲ್ಲೇ ಅತಿ ಚಿಕ್ಕದು. ಎರಡು ಪಿಕಪ್‌ಗಳಿರುವುದರಿಂದ ನಾದವನ್ನು ಬದಲಿಸಿಕೊಳ್ಳುವ ಅವಕಾಶವಿದೆ. ಆದರೆ ತಂತಿಯ ಬಿಗಿತ 34 ಇಂಚಿನದಕ್ಕಿಂತ ಸುಮಾರು ಶೇ 29ರಷ್ಟು ಕಡಿಮೆಯಾಗುವುದರಿಂದ ಇ ತಂತಿಯನ್ನು ವಿಶೇಷವಾಗಿ ಪರೀಕ್ಷಿಸಬೇಕು. ಮಕ್ಕಳಿಗೆ ಇದು ಅನುಕೂಲ.

ಫೆಂಡರ್ ಸಮೂಹದ ಅಗ್ಗದ ಬ್ರಾಂಡ್ ಆದ ಸ್ಕ್ವಯರ್‌ನ ‘ಬ್ರಾಂಕೊ’ 30 ಇಂಚಿನದು. ಒಂದೇ ಪಿಕಪ್, ಎರಡೇ ತಿರುಪು. ಸರಳತೆಯೇ ಇದರ ಗುಣ. ಐಬನೆಜ್‌ನ ಟಿ.ಎಂ.ಬಿ.30 ಮಾದರಿಯೂ 30 ಇಂಚಿನದೇ. ಗ್ರೆಚ್ ಕಂಪನಿಯ ‘ಜೂನಿಯರ್ ಜೆಟ್’ 30.3 ಇಂಚು, ಎಪಿಫೋನ್‌ನ ‘ಇಬಿ-0’ 30.5 ಇಂಚು. ಇವುಗಳಲ್ಲಿ ಕೆಲವು ಮಾದರಿಗಳ ಲಭ್ಯತೆ ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ಅಂಗಡಿಗೆ ಫೋನ್ ಮಾಡಿ, ಮಾದರಿಯ ಹೆಸರು ಹೇಳಿ, ದಾಸ್ತಾನು ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಅಂಗಡಿಗಳಲ್ಲಿ ಆರಂಭಿಕರಿಗೆಂದು ತೋರಿಸುವ ಬೇಸ್‌ಗಳಲ್ಲಿ ಬಹುಪಾಲು 34 ಇಂಚಿನವು. ಯಮಹಾ ಕಂಪನಿಯ ಜನಪ್ರಿಯ ಟಿ.ಆರ್.ಬಿ.ಎಕ್ಸ್.174 ಮಾದರಿಯೂ ಲಾಂಗ್ ಸ್ಕೇಲ್. ವಾದ್ಯ ಉತ್ತಮವಾದದ್ದೇ, ಆದರೆ ಅಳತೆ ಬೇರೆ. ಬಾಡಿ ಚಿಕ್ಕದಾಗಿ ಕಂಡ ಮಾತ್ರಕ್ಕೆ ಸ್ಕೇಲ್ ಚಿಕ್ಕದೆಂದು ಭಾವಿಸಬಾರದು. ದೇಶೀಯ ತಯಾರಿಕೆಯ ಹಾಗೂ ಹೆಸರಿಲ್ಲದ ವಾದ್ಯಗಳಲ್ಲಿ ಸ್ಕೇಲ್ ಎಷ್ಟೆಂದು ಬರೆದಿರದಿದ್ದರೆ ಅಳೆದೇ ತಿಳಿಯಬೇಕು.

ಅಳೆಯುವ ವಿಧಾನ ಸುಲಭ. ದರ್ಜಿಯ ಟೇಪು ಸಾಕು. ನಟ್‌ನ ಒಳಅಂಚಿನಿಂದ 12ನೇ ಫ್ರೆಟ್‌ನ ನಡುಭಾಗದವರೆಗೆ ಅಳೆದು ಎರಡರಿಂದ ಗುಣಿಸಿದರೆ ಸ್ಕೇಲ್ ಸಿಗುತ್ತದೆ. 15 ಇಂಚು ಬಂದರೆ ಶಾರ್ಟ್, 16 ಬಂದರೆ ಮೀಡಿಯಂ, 17 ಬಂದರೆ ಲಾಂಗ್. 12ನೇ ಫ್ರೆಟ್ ಬಳಿ ಸಾಮಾನ್ಯವಾಗಿ ಎರಡು ಚುಕ್ಕೆಗಳಿರುತ್ತವೆ. ನೇರವಾಗಿ ಬ್ರಿಡ್ಜ್‌ವರೆಗೆ ಅಳೆದರೆ ತಪ್ಪಬಹುದು. ಏಕೆಂದರೆ ಪ್ರತಿ ತಂತಿಯ ಕುದುರೆಯನ್ನು ಶ್ರುತಿ ಹೊಂದಿಸಲು ಸ್ವಲ್ಪ ಹಿಂದೆ ಮುಂದೆ ಸರಿಸಿರುತ್ತಾರೆ.

ಹಣದ ಹಂಚಿಕೆ

ಇರುವ ಹಣವನ್ನೆಲ್ಲ ವಾದ್ಯಕ್ಕೇ ಸುರಿಯುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಬೇಸ್ ಗಿಟಾರ್ ಒಂಟಿಯಾಗಿ ಕೆಲಸ ಮಾಡದು. ಕೇಬಲ್, ಭುಜದ ಪಟ್ಟಿ, ಚೀಲ, ಹೆಚ್ಚುವರಿ ತಂತಿ, ಮನೆಯಲ್ಲಿ ಅಭ್ಯಾಸ ಮಾಡಲು ಹೆಡ್‌ಫೋನ್ ಜೋಡಿಸುವ ಸಣ್ಣ ಆಂಪ್ಲಿಫೈಯರ್, ಒಮ್ಮೆ ಪರಿಣತರಿಂದ ಮಾಡಿಸಬೇಕಾದ ಸೆಟ್ಟಿಂಗ್ ಇವೆಲ್ಲವೂ ಲೆಕ್ಕಕ್ಕೆ ಬರಬೇಕು. ಉದಾಹರಣೆಗೆ ಒಟ್ಟು 25 ಸಾವಿರ ರೂ. ಮೀಸಲಿಟ್ಟವರು ವಾದ್ಯದ ಮಿತಿಯನ್ನು 17ರಿಂದ 18 ಸಾವಿರ ರೂ.ಗೆ ನಿಲ್ಲಿಸಿ ಉಳಿದದ್ದನ್ನು ಈ ಪರಿಕರಗಳಿಗೆ ತೆಗೆದಿಡುವುದು ವಿವೇಕ. ಶ್ರುತಿ ನೋಡುವ ಟ್ಯೂನರ್‌ಗೆ ಪ್ರತ್ಯೇಕ ಖರ್ಚು ಬೇಕಿಲ್ಲ. ಮೊಬೈಲ್‌ನ ಉಚಿತ ಆ್ಯಪ್ ಆರಂಭಕ್ಕೆ ಸಾಕು.

ಸರಿಯಾಗಿ ಸೆಟ್ಟಿಂಗ್ ಮಾಡಿಸಿದ ಅಗ್ಗದ ವಾದ್ಯ, ಸೆಟ್ಟಿಂಗ್ ಇಲ್ಲದ ದುಬಾರಿ ವಾದ್ಯಕ್ಕಿಂತ ನುಡಿಸಲು ಹಿತ. ತಂತಿಯ ಎತ್ತರ, ನೆಕ್‌ನ ಬಾಗು, ನಟ್‌ನ ಕಚ್ಚುಗಳ ಆಳ ಈ ಮೂರನ್ನು ಸರಿಪಡಿಸಿದಾಗ ವಾದ್ಯದ ಸ್ವಭಾವವೇ ಬದಲಾಗುತ್ತದೆ. ಆದ್ದರಿಂದ ಈ ಬಾಬ್ತಿನ ಹಣವನ್ನು ಯಾವ ಕಾರಣಕ್ಕೂ ಕಡಿತಗೊಳಿಸಬಾರದು.

ಅಂಗಡಿಯಲ್ಲಿ ಪರೀಕ್ಷೆ

ತಾಲ್ಲೂಕು ಕೇಂದ್ರಗಳ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲ, ಕೀಬೋರ್ಡ್, ಸಾದಾ ಗಿಟಾರ್ ದೊರೆತರೂ ಶಾರ್ಟ್ ಸ್ಕೇಲ್ ಬೇಸ್ ಕೈಗೆ ಸಿಗುವುದು ಅಪರೂಪ. ಹೀಗಾಗಿ ಬೆಂಗಳೂರು ಅಥವಾ ಮೈಸೂರಿಗೆ ಒಂದು ದಿನದ ಪ್ರಯಾಣ ಅನಿವಾರ್ಯವಾಗಬಹುದು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನ–ಮೈಸೂರು ಮಾರ್ಗ ಕೂಡುವ ಅರಸೀಕೆರೆ ಜಂಕ್ಷನ್‌ನಿಂದ ಎರಡೂ ನಗರಗಳಿಗೆ ರೈಲುಗಳಿವೆ. ಬೇಲೂರು, ಹಳೇಬೀಡಿನವರು ಬಸ್ಸಿನಲ್ಲಿ ಹಾಸನಕ್ಕೆ ಬಂದು ಮುಂದೆ ಸಾಗಬಹುದು. ಹೋಗಿ ಬರುವ ಖರ್ಚು ದಂಡವೆಂದು ಭಾವಿಸಬೇಕಿಲ್ಲ. ಕೆಟ್ಟ ನೆಕ್‌ನ ವಾದ್ಯವೊಂದನ್ನು ಮನೆಗೆ ತರುವುದಕ್ಕಿಂತ ಅದು ಅಗ್ಗ.

ಅಂಗಡಿಯಲ್ಲಿ ಈ ಕ್ರಮದಲ್ಲಿ ಪರೀಕ್ಷಿಸುವುದು ಸೂಕ್ತ.

1. ಮೊದಲು ಟೇಪು ಹಿಡಿದು ಸ್ಕೇಲ್ ಅಳೆಯಬೇಕು.

2. ವಾದ್ಯವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬ್ರಿಡ್ಜ್ ಕಡೆಯಿಂದ ನೆಕ್‌ನ ಉದ್ದಕ್ಕೂ ನೋಡಬೇಕು. ಅಲ್ಪ ಬಾಗು ಸಹಜ. ಪಕ್ಕಕ್ಕೆ ತಿರುಚಿಕೊಂಡಿದ್ದರೆ ಅಂತಹ ವಾದ್ಯವನ್ನು ಕೂಡಲೇ ಕೈಬಿಡಬೇಕು. ತಿರುಚಿದ ನೆಕ್ ಸರಿಪಡಿಸುವುದು ದುಸ್ತರ.

3. ಇ ತಂತಿಯನ್ನು ಮೊದಲ ಫ್ರೆಟ್ ಹಾಗೂ ನೆಕ್ ಬಾಡಿಗೆ ಸೇರುವಲ್ಲಿನ ಫ್ರೆಟ್ ಎರಡರಲ್ಲೂ ಒತ್ತಿ ಹಿಡಿದು, ನಡುವಿನ ಏಳು, ಎಂಟನೇ ಫ್ರೆಟ್ ಬಳಿ ತಂತಿಗೂ ಫ್ರೆಟ್‌ಗೂ ಇರುವ ಸಂದು ನೋಡಬೇಕು. ವಿಸಿಟಿಂಗ್ ಕಾರ್ಡಿನ ದಪ್ಪದಷ್ಟಿದ್ದರೆ ಸರಿ.

4. 12ನೇ ಫ್ರೆಟ್ ಬಳಿ ಇ ತಂತಿಯ ಎತ್ತರ 2ರಿಂದ 2.5 ಮಿ.ಮೀ. ಇದ್ದರೆ ಒಳ್ಳೆಯದು. ಹೆಚ್ಚಿದ್ದರೆ ತಗ್ಗಿಸಲು ಬ್ರಿಡ್ಜ್‌ನಲ್ಲಿ ಅವಕಾಶ ಉಳಿದಿದೆಯೇ ಎಂದು ಕೇಳಬೇಕು.

5. ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲೂ ಒಂದೊಂದಾಗಿ ನುಡಿಸಬೇಕು. ಎಲ್ಲಾದರೂ ನಾದ ಥಟ್ಟನೆ ಸತ್ತರೆ ಅಥವಾ ಗರಗರ ಎಂದರೆ ಗುರುತು ಹಾಕಿಕೊಳ್ಳಬೇಕು. ನೆಕ್‌ನ ಅಂಚಿನಲ್ಲಿ ಬೆರಳಾಡಿಸಿದಾಗ ಫ್ರೆಟ್ ತುದಿಗಳು ಚುಚ್ಚಬಾರದು.

6. 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರವೂ, ಅಲ್ಲೇ ಒತ್ತಿ ಮೀಟಿದಾಗ ಬರುವ ಸ್ವರವೂ ಟ್ಯೂನರ್‌ನಲ್ಲಿ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಕುದುರೆಯನ್ನು ಸರಿಸಿ ಹೊಂದಿಸಲು ಅಂಗಡಿಯವರನ್ನು ಕೇಳಬೇಕು. ಹೊಂದಿಸಲಾಗದಿದ್ದರೆ ಆ ವಾದ್ಯ ಬೇಡ.

7. ಆಂಪ್ಲಿಫೈಯರ್‌ಗೆ ಜೋಡಿಸಿ ಎಲ್ಲ ತಿರುಪುಗಳನ್ನೂ ತಿರುಗಿಸಬೇಕು, ಕೇಬಲ್‌ನ ತುದಿಯನ್ನು ಅಲುಗಿಸಬೇಕು. ಚಟಪಟ ಸದ್ದು ಬಂದರೆ ಸ್ವಚ್ಛಗೊಳಿಸಿ ಕೊಡಲು ಹೇಳಬೇಕು.

8. ಪಟ್ಟಿ ತೊಟ್ಟು ನಿಂತು, ಎರಡೂ ಕೈ ಬಿಡಬೇಕು. ನೆಕ್ ತಾನಾಗಿ ಕೆಳಕ್ಕೆ ವಾಲಿದರೆ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಎಡಗೈ ಅದನ್ನು ಹೊರಬೇಕಾಗುತ್ತದೆ. ಹಗುರ ಬಾಡಿಯ ಶಾರ್ಟ್ ಸ್ಕೇಲ್‌ಗಳಲ್ಲಿ ಈ ದೋಷ ಕಾಣಿಸಿಕೊಳ್ಳುವುದುಂಟು.

ಆನ್‌ಲೈನ್ ಹಾಗೂ ಬಳಸಿದ ವಾದ್ಯ

ಪ್ರಯಾಣ ಸಾಧ್ಯವಾಗದವರು ಆನ್‌ಲೈನ್‌ನಲ್ಲಿ ತರಿಸಬಹುದು. ಆದರೆ ಮೂರು ವಿಷಯಗಳನ್ನು ಮೊದಲೇ ಓದಿಕೊಳ್ಳಬೇಕು: ಸ್ಕೇಲ್ ಎಷ್ಟೆಂದು ವಿವರದಲ್ಲಿ ನಮೂದಾಗಿದೆಯೇ, ವಾಪಸಾತಿಗೆ ಎಷ್ಟು ದಿನಗಳ ಅವಕಾಶವಿದೆ, ಮರಳಿ ಕಳಿಸುವ ಸಾಗಣೆ ವೆಚ್ಚ ಯಾರದು. ಪೆಟ್ಟಿಗೆ ಬಿಚ್ಚುವುದನ್ನು ಆರಂಭದಿಂದ ಕೊನೆಯವರೆಗೆ ವಿಡಿಯೊ ಮಾಡಿಕೊಂಡರೆ ಸಾಗಣೆಯಲ್ಲಾದ ಹಾನಿಗೆ ಪುರಾವೆ ಸಿಗುತ್ತದೆ. ಬಂದ ದಿನವೇ ಮೇಲಿನ ಎಂಟು ಪರೀಕ್ಷೆಗಳನ್ನೂ ಮುಗಿಸಬೇಕು. ಹಬ್ಬ ಮುಗಿಯಲಿ ಎಂದು ಕಾಯುತ್ತ ಕುಳಿತರೆ ವಾಪಸಾತಿಯ ಅವಧಿ ಕಳೆದುಹೋಗುತ್ತದೆ.

ಬಳಸಿದ ವಾದ್ಯ ಕೊಳ್ಳುವಾಗ ನೆಕ್‌ನ ತಲೆಯ ಹಿಂಭಾಗದ ಬಿರುಕು, ಬ್ರಿಡ್ಜ್ ಎದ್ದಿರುವಿಕೆ, ಸಡಿಲಗೊಂಡ ಬಿರಡೆ, ಮೊದಲ ಕೆಲವು ಫ್ರೆಟ್‌ಗಳಲ್ಲಿ ಬಿದ್ದಿರುವ ಗುಳಿಗಳನ್ನು ವಿಶೇಷವಾಗಿ ನೋಡಬೇಕು. ನೆಕ್ ಒಳಗಿನ ಲೋಹದ ಸರಳಾದ ‘ಟ್ರಸ್ ರಾಡ್’ ತಿರುಗುತ್ತದೆಯೇ ಎಂದು ಮಾರುವವರೇ ತಿರುಗಿಸಿ ತೋರಿಸಲಿ. ಅದು ಕಚ್ಚಿಕೊಂಡಿದ್ದರೆ ಮುಂದೆ ನೆಕ್ ಬಾಗಿದಾಗ ಸರಿಪಡಿಸಲು ದಾರಿಯೇ ಇರದು. ಎಷ್ಟೇ ಅಗ್ಗವಾದರೂ ಮುಂಗಡ ಹಣ ಕಳಿಸಿ ನೋಡದೆ ಕೊಳ್ಳುವುದು ಅಪಾಯಕರ.

ತಂತಿಯ ವಿಚಾರ

ಶಾರ್ಟ್ ಸ್ಕೇಲ್ ಕೊಂಡವರು ಎಡವುವ ಮುಖ್ಯ ಜಾಗವಿದು. ಸಾಮಾನ್ಯ ಬೇಸ್ ತಂತಿಗಳ ದಪ್ಪ ಸುತ್ತು 34 ಇಂಚಿಗೆ ತಕ್ಕಂತೆ ಮಾಡಿದ್ದು. ಅದನ್ನು ಕತ್ತರಿಸಿ ಚಿಕ್ಕ ವಾದ್ಯಕ್ಕೆ ಹಾಕಿದರೆ ದಪ್ಪ ಭಾಗವೇ ಬಿರಡೆಯ ಕಂಬಕ್ಕೆ ಸುತ್ತಿಕೊಂಡು ತಂತಿ ಮುರಿಯಬಹುದು, ಶ್ರುತಿ ನಿಲ್ಲದಿರಬಹುದು. ಪೊಟ್ಟಣದ ಮೇಲೆ ‘ಶಾರ್ಟ್ ಸ್ಕೇಲ್’ ಎಂದು ನಮೂದಿಸಿದ್ದನ್ನೇ ಕೇಳಿ ಪಡೆಯಬೇಕು. ಉದಾಹರಣೆಗೆ ಡಿ’ಅಡಾರಿಯೊ ಕಂಪನಿಯ ಇ.ಎಕ್ಸ್.ಎಲ್.170.ಎಸ್ ಎಂಬುದು 0.045ರಿಂದ 0.100 ಇಂಚು ದಪ್ಪದ ಶಾರ್ಟ್ ಸ್ಕೇಲ್ ಸೆಟ್. ಇ ತಂತಿ ಸಡಿಲವೆನಿಸಿದವರು 0.105 ಇಂಚಿನದನ್ನು ಪ್ರಯತ್ನಿಸಬಹುದು.

ಮೇಲ್ಮೈ ನುಣುಪಾಗಿರುವ ‘ಫ್ಲಾಟ್‌ವೌಂಡ್’ ತಂತಿಗಳು ದುಬಾರಿಯಾದರೂ ದೀರ್ಘಕಾಲ ಬಾಳುತ್ತವೆ, ಬೆರಳಿಗೆ ಹಿತ, ಹಳೆಯ ಹಾಡುಗಳಿಗೆ ಒಪ್ಪುವ ನಾದ. ಈ ಬಗೆಯ ತಂತಿ ಊರಿನಲ್ಲಿ ಥಟ್ಟನೆ ಸಿಗದು. ಆದ್ದರಿಂದ ವಾದ್ಯದೊಂದಿಗೇ ಹೆಚ್ಚುವರಿ ಒಂದು ಸೆಟ್ ತಂದಿಟ್ಟುಕೊಳ್ಳುವುದು ಕಡ್ಡಾಯವೆಂದೇ ಹೇಳಬೇಕು. ಕಾರ್ಯಕ್ರಮದ ಸಂಜೆ ತಂತಿ ಹರಿದರೆ ಬೆಂಗಳೂರು ದೂರ.

ವೇದಿಕೆಯಲ್ಲಿ ಎಚ್ಚರ

ಸಣ್ಣ ಸ್ಪೀಕರ್‌ಗಳು 41 ಹರ್ಟ್ಸ್‌ನ ಮೂಲ ಸ್ವರವನ್ನು ಹೊರಡಿಸಲಾರವು. ಕಿವಿಗೆ ಕೇಳುವುದು ಅದರ ಮೇಲಿನ ಅನುಸ್ವರಗಳು ಮಾತ್ರ. ಸಾದಾ ಗಿಟಾರ್‌ಗೆಂದು ಮಾಡಿದ ಪುಟ್ಟ ಆಂಪ್ಲಿಫೈಯರ್‌ನಲ್ಲಿ ಬೇಸ್ ಜೋರಾಗಿ ನುಡಿಸಿದರೆ ಸ್ಪೀಕರ್ ಹರಿಯುವ ಸಂಭವವಿದೆ. ಬಯಲು ವೇದಿಕೆಯಲ್ಲಿ ‘ಡಿ.ಐ. ಬಾಕ್ಸ್’ ಮೂಲಕ ನೇರವಾಗಿ ಧ್ವನಿವರ್ಧಕದವರ ಮಿಕ್ಸರ್‌ಗೆ ಕೊಡುವುದೇ ಮೇಲು. ಪ್ರತ್ಯೇಕವಾಗಿ ದೊಡ್ಡ ಆಂಪ್ಲಿಫೈಯರ್ ಕೊಳ್ಳುವ ಖರ್ಚು ಇದರಿಂದ ಉಳಿಯುತ್ತದೆ.

ವಿದ್ಯುತ್ ಸುರಕ್ಷತೆ ಅದಕ್ಕಿಂತ ಮುಖ್ಯ. ವಾದಕರ ಬೆರಳು ಲೋಹದ ತಂತಿಯ ಮೇಲಿರುತ್ತದೆ, ಹಾಡುವಾಗ ತುಟಿ ಮೈಕ್‌ಗೆ ತಗುಲುತ್ತದೆ. ತಾತ್ಕಾಲಿಕ ಸಂಪರ್ಕದಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಇವೆರಡರ ನಡುವೆ ವಿದ್ಯುತ್ ಹರಿದು ಪ್ರಾಣಾಪಾಯವಾಗಬಹುದು. ಮಳೆಗಾಲದ ಗಣೇಶೋತ್ಸವದ ಒದ್ದೆ ವೇದಿಕೆಯಲ್ಲಿ ಅಪಾಯ ಇಮ್ಮಡಿ. ಮೂರು ಪಿನ್‌ಗಳ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಿ ಬಳಸುವುದು ಸಲ್ಲದು. ವೇದಿಕೆಯ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿದೆಯೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಕಲಾವಿದರಿಗೂ ಇದೆ. ತಂತಿ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ನುಡಿಸುವುದನ್ನು ನಿಲ್ಲಿಸಬೇಕು.

ಹವೆ ಮತ್ತು ಆರೈಕೆ

ಒಂದೇ ಜಿಲ್ಲೆಯಾದರೂ ಹವೆ ಒಂದೇ ಅಲ್ಲ. ತೆಂಗಿನ ತೋಟಗಳ ಅರಸೀಕೆರೆ ಬಯಲುಸೀಮೆಯ ಒಣ ಊರು. ಬೇಲೂರು ಮಲೆನಾಡಿನ ಅಂಚಿನಲ್ಲಿದೆ. ಮರ ತೇವ ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಅರಸೀಕೆರೆ ಕಡೆ ಫ್ರೆಟ್ ತುದಿಗಳು ಹೊರಚಾಚಿ ಕೈಗೆ ತಗುಲಬಹುದು. ಮಳೆಗಾಲದಲ್ಲಿ ಬೇಲೂರು ಕಡೆ ತಂತಿ, ತಿರುಪುಗಳಿಗೆ ತುಕ್ಕು ಹಿಡಿದು ನೆಕ್‌ನ ಬಾಗು ಬದಲಾಗಬಹುದು. ಹೀಗಾಗಿ ವರ್ಷಕ್ಕೆ ಎರಡು ಬಾರಿ, ಮಳೆಗೆ ಮುನ್ನ ಮತ್ತು ಮಳೆ ಮುಗಿದ ಮೇಲೆ, ನೆಕ್‌ನ ಸಂದು ಪರೀಕ್ಷಿಸುವುದು ಒಳ್ಳೆಯದು. ಟ್ರಸ್ ರಾಡ್ ತಿರುಗಿಸಬೇಕಾದರೆ ಸರಿಯಾದ ಅಳತೆಯ ಕೀಲಿಯಿಂದ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಅನುಭವವಿಲ್ಲದವರು ಪರಿಣತರಿಗೆ ಬಿಡುವುದು ಲೇಸು.

ನುಡಿಸಿದ ಬಳಿಕ ಒಣ ಹತ್ತಿ ಬಟ್ಟೆಯಿಂದ ತಂತಿ ಒರೆಸಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಮುಚ್ಚಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ, ಹೆಂಚಿನ ಮಾಡಿನ ಸೋರುವ ಗೋಡೆಗೆ ತಾಗಿಸಿ ವಾದ್ಯ ಇಡಬಾರದು.

ಕೊಳ್ಳಲು ಹೊರಟವರು ನೆನಪಿಡಬೇಕಾದದ್ದು ಇಷ್ಟು: ಜೇಬಿನಲ್ಲಿ ಟೇಪು ಇರಲಿ, 12ನೇ ಫ್ರೆಟ್‌ಗೆ 15 ಇಂಚು ಬರಲಿ, ನೆಕ್ ತಿರುಚಿರದಿರಲಿ, ಸೆಟ್ಟಿಂಗ್ ಮತ್ತು ಹೆಚ್ಚುವರಿ ತಂತಿಗೆ ಹಣ ಉಳಿದಿರಲಿ. ಬ್ರಾಂಡ್ ಯಾವುದೆಂಬ ಪ್ರಶ್ನೆಯನ್ನು ಇವೆಲ್ಲ ಮುಗಿದ ಮೇಲೆ ಕೇಳಿದರೂ ತಡವಾಗದು.